ಸೊಲ್ಲು ಎತ್ತಿಕೊಳ್ಳುವವರು

ಜನಪದ ಹಾಡುಗಳ ಬಗ್ಗೆ ಕನ್ನಡದಲ್ಲಿ ಬಂದಿರುವ ವಿಮರ್ಶೆ ಕಡಿಮೆಯೇನಲ್ಲ. ಆದರೆ ಅದರಲ್ಲಿ ಬಹುಪಾಲು ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಹಾಡನ್ನು ಕಟ್ಟಿದವರು ಯಾರು? ಅದರ ಅರ್ಥವೇನು? ಹಾಡು ಮುಸ್ಲಿಮರಿಗೆ ಸಂಬಂಧಪಟ್ಟದ್ದಾದರೆ ಮೂರನೆಯ ಪ್ರಶ್ನೆಯೊಂದು ತಾನಾಗಿ ಬಂದು ಸೇರಿಕೊಳ್ಳುತ್ತದೆ: ಇದರಲ್ಲಿ ಭಾವೈಕ್ಯ ಎಷ್ಟಿದೆ? ಇವು ಬೇಡದ ಪ್ರಶ್ನೆಗಳಲ್ಲ. ಆದರೆ ಇವುಗಳ ನಡುವೆ ಇನ್ನೊಂದು ಪ್ರಶ್ನೆ ಬಿಟ್ಟುಹೋಗಿದೆ. ಒಬ್ಬ ಮೊದಲ ಸಾಲು ಹೇಳಿದಾಗ ಅದನ್ನು ಎತ್ತಿಕೊಂಡವರು ಯಾರು? ಎತ್ತಿಕೊಂಡದ್ದರಿಂದ ಅವರಿಗೆ ಸಿಕ್ಕಿದ್ದೇನು?

ಈ ಪ್ರಶ್ನೆಯನ್ನು ಕೇಳಲು ಕಾನಹೊಸಹಳ್ಳಿ ಸೀಮೆ ಒಳ್ಳೆಯ ಜಾಗ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು ಕೂಡ್ಲಿಗಿ ತಾಲೂಕಿನದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ನಂಬಿ ಶೇಂಗಾ, ಜೋಳ ಬಿತ್ತುವ ಒಣನೆಲ. ಮ್ಯಾಸನಾಯಕರು, ಗೊಲ್ಲರು, ಕುರುಬರು, ಲಿಂಗಾಯತರು, ದಲಿತರು, ಲಂಬಾಣಿಗರು, ಮನೆಯಲ್ಲೂ ಕನ್ನಡವನ್ನೇ ಆಡುವ ಪಿಂಜಾರರು, ದಖನಿ ಉರ್ದು ಆಡುವ ಇತರ ಮುಸ್ಲಿಮರು ಕೂಡಿ ಬದುಕುವ ಸೀಮೆ. ಇಲ್ಲಿ ಮೊಹರಂ ಎಂದರೆ ಪೀರಲ ಹಬ್ಬ. ಮುಸ್ಲಿಮರ ಮನೆ ಒಂದೋ ಎರಡೋ ಇರುವ ಊರಿನಲ್ಲೂ, ಒಂದೂ ಇಲ್ಲದ ಊರಿನಲ್ಲೂ ಈ ಭಾಗದಲ್ಲಿ ಪೀರಲ ದೇವರು ಕೂರುತ್ತವೆ. ಗುದ್ದಲಿ ಹಾಕಿ ಅಲಾಯಿ ಕುಣಿ ತೋಡುತ್ತಾರೆ. ಸಕ್ಕರೆ ಓದಿಸುತ್ತಾರೆ, ಚೊಂಗೆ ಮಾಡುತ್ತಾರೆ. ರಾತ್ರಿ ಉಂಡ ಮೇಲೆ ಕುಣಿಯ ಸುತ್ತ ಸೇರಿ ಪದ ಹೇಳುತ್ತಾರೆ.

‘ಪದ ಹೇಳುತ್ತಾರೆ’ ಎಂಬ ಮಾತನ್ನು ಗಮನಿಸಬೇಕು. ಕನ್ನಡದಲ್ಲಿ ಪದ ಎಂದರೆ ಶಬ್ದವೂ ಹೌದು, ಹಾಡೂ ಹೌದು. ಸೊಲ್ಲು ಎಂದರೆ ಮಾತೂ ಹೌದು, ಹಾಡಿನಲ್ಲಿ ಎತ್ತಿಕೊಳ್ಳುವ ಸಾಲೂ ಹೌದು. ಸೋಬಾನೆಯನ್ನು ಹೆಂಗಸರು ‘ಹಾಡುತ್ತಾರೆ’ ಎನ್ನುವಷ್ಟೇ ಸಹಜವಾಗಿ ‘ಹೇಳುತ್ತಾರೆ’ ಎನ್ನುತ್ತೇವೆ. ಉರ್ದುವಿಗೆ ಬಂದರೆ ನಾತ್ ಆಗಲಿ, ಮರ್ಸಿಯಾ ಆಗಲಿ ಅದಕ್ಕೆ ‘ಗಾನಾ’ ಎನ್ನುವುದಿಲ್ಲ, ‘ಪಢನಾ’ ಎನ್ನುತ್ತಾರೆ. ಅಂದರೆ ಓದುವುದು. ಒಂದು ಭಾಷೆ ಹೇಳುವುದು ಎಂದಿತು, ಇನ್ನೊಂದು ಓದುವುದು ಎಂದಿತು. ಉರ್ದುವಿನ ಈ ಬಳಕೆಯ ಹಿಂದೆ ಧರ್ಮದ ಸಂಕೋಚವೂ ಇದೆ, ಇಲ್ಲವೆನ್ನಲಾಗದು. ಆದರೆ ಎರಡು ಭಾಷೆಗಳನ್ನೂ ಶಾಲೆಯಲ್ಲಿ ಕಲಿತವನಿಗೆ ಇಲ್ಲಿ ಬೇರೆಯದೇ ಒಂದು ತಿಳಿವಳಿಕೆ ಕಾಣುತ್ತದೆ. ಹಾಡು ಮಾತಿನಿಂದ ಬಹಳ ದೂರದ್ದಲ್ಲ. ಮಾತು ಬರುವವನಿಗೆ ಹಾಡೂ ಬರುತ್ತದೆ. ಅದಕ್ಕೆ ಕಂಠ ಬೇಕಿಲ್ಲ, ಬಾಯಿ ಇದ್ದರೆ ಸಾಕು.

ಮೊಹರಂ ಪದಗಳ ಕಟ್ಟಡವೇ ಈ ತಿಳಿವಳಿಕೆಯ ಮೇಲೆ ನಿಂತಿದೆ. ರಿವಾಯತ್, ಅಲಾವಿ ಪದ, ಕರ್ಬಲಾ ಪದ ಎಂದು ಸೀಮೆಗೊಂದು ಹೆಸರಿದ್ದರೂ ಹಾಡುವ ರೀತಿ ಬಹುಮಟ್ಟಿಗೆ ಒಂದೇ. ಕತೆ ಗೊತ್ತಿರುವ ಒಬ್ಬ ಮುಂದಾಳು ನುಡಿಯನ್ನು ಹೇಳಿ ಸೊಲ್ಲಿಗೆ ತಂದು ನಿಲ್ಲಿಸುತ್ತಾನೆ. ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಹೆಜ್ಜೆಮೇಳವಾದರೆ ಕಾಲೂ ಜೊತೆಗೂಡುತ್ತದೆ. ಎರಡು ಮೇಳಗಳು ಸೇರಿದರೆ ಸವಾಲು-ಜವಾಬು ನಡೆಯುತ್ತದೆ. ಸೊಲ್ಲು ಚಿಕ್ಕದು, ತಿರುತಿರುಗಿ ಬರುವಂಥದು, ಮೂರನೆಯ ಸಲಕ್ಕೆ ಯಾರ ಬಾಯಿಗಾದರೂ ಬರುವಂಥದು. ದಾರಿಯಲ್ಲಿ ಹೋಗುತ್ತಿದ್ದವನೂ ನಿಂತು ದನಿಗೂಡಿಸಬಹುದು. ದನಿ ಕುಗ್ಗಿದರೆ ಮುಂದಾಳೇ ರೇಗುತ್ತಾನೆ: ‘ಎತ್ಗಳ್ರಪ್ಪಾ, ದನಿ ಸಾಲ್ದು!’ ಅವನಿಗೆ ಬೇಕಾದದ್ದು ಚಪ್ಪಾಳೆಯಲ್ಲ. ಸೊಲ್ಲು ಎತ್ತಿಕೊಳ್ಳುವಷ್ಟು ಹೊತ್ತಿನಲ್ಲಿ ಅವನು ಉಸಿರು ತೆಗೆದುಕೊಳ್ಳಬೇಕು, ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳಬೇಕು. ಹಿಂದಿನವರು ಕೈಬಿಟ್ಟರೆ ಹಾಡು ಅಲ್ಲೇ ಬಿದ್ದುಹೋಗುತ್ತದೆ.

ಹೀಗೆ ಹಾಡನ್ನು ಎತ್ತಿಹಿಡಿಯುವವರಿಗೆ ಉರ್ದುವಿನಲ್ಲಿ ಒಳ್ಳೆಯ ಹೆಸರುಗಳಿವೆ. ಕವ್ವಾಲನ ಹಿಂದೆ ಕೂತವರು ‘ಹಮ್‌ನವಾ’, ಅಂದರೆ ಒಂದೇ ದನಿಯವರು. ಕರ್ಬಲಾದ ಶೋಕಗೀತೆಯನ್ನು ಹೇಳುವ ಸೋಜ್‌ಖ್ವಾನನ ಅಕ್ಕಪಕ್ಕ ದನಿ ಕೊಡುವವರು ‘ಬಾಜೂ’, ಅಂದರೆ ತೋಳುಗಳು. ಕನ್ನಡದ ‘ಹಿಮ್ಮೇಳ’ ಎಂಬ ಶಬ್ದ ಇಷ್ಟು ಉದಾರವಾಗಿಲ್ಲ, ಅದು ಅವರನ್ನು ಹಿಂದಕ್ಕೆ ಕೂರಿಸಿಬಿಡುತ್ತದೆ. ವಿಮರ್ಶೆಯೂ ಹಾಗೇ ಮಾಡಿದೆ. ಕಾನಹೊಸಹಳ್ಳಿಗೆ ಹೆಚ್ಚೇನೂ ದೂರವಲ್ಲದ ಸಂಡೂರು ತಾಲೂಕಿನ ದರೋಜಿ ಈರಮ್ಮನವರು ಬುರ್ರಕಥೆಯ ದೊಡ್ಡ ಕಲಾವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ನೆನೆಯಿತು, ನೆನೆಯಬೇಕಾದದ್ದೇ. ಆದರೆ ಅವರ ಪಕ್ಕದಲ್ಲಿ ಗುಮ್ಮಟೆ ಬಾರಿಸುತ್ತ ಸೊಲ್ಲು ಕೊಡುತ್ತಿದ್ದವರನ್ನು ಎಷ್ಟು ಜನ ನೆನೆದರು?

*

ಇಲ್ಲೊಂದು ತೊಡಕಿದೆ. ಮೊಹರಂ ಶೋಕದ ನೆನಪು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಪ್ರವಾದಿಯವರ (ಸ) ಮೊಮ್ಮಗ ಹುಸೇನರು ಮತ್ತು ಅವರ ಜೊತೆಗಾರರು ನೀರಿಲ್ಲದೆ ಬಾಯಾರಿ ಕೊಲೆಯಾದ ಕತೆ ಅದು. ಅದನ್ನು ಹಾಡುವಾಗ ಆನಂದದ ಮಾತೇನು?

ಹಳ್ಳಿಯ ಕನ್ನಡ ಈ ತೊಡಕನ್ನು ತನ್ನದೇ ರೀತಿಯಲ್ಲಿ ದಾಟಿದೆ. ಒಂಬತ್ತನೆಯ ದಿನದ ರಾತ್ರಿಗೆ ಉರ್ದುವಿನಲ್ಲಿ ‘ಕತ್ಲ್ ಕೀ ರಾತ್’, ಕೊಲೆಯ ರಾತ್ರಿ ಎನ್ನುತ್ತಾರೆ. ಕನ್ನಡದ ಬಾಯಲ್ಲಿ ಅದು ‘ಕತ್ತಲ ರಾತ್ರಿ’ಯಾಗಿದೆ. ಇದನ್ನು ಅಪಭ್ರಂಶ ಎಂದು ನಗುವವರಿದ್ದಾರೆ. ಆದರೆ ಅರಬರ ಮರಳುಗಾಡಿನ ಕೊಲೆಯೊಂದು ಕೂಡ್ಲಿಗಿ ಕಡೆಯ ರೈತನ ಎದೆಗೆ ಇಳಿಯಬೇಕಾದರೆ ಆ ಶಬ್ದ ಅವನು ಕಣ್ಣಾರೆ ಕಂಡ ಕತ್ತಲಾಗಲೇಬೇಕಿತ್ತು. ಹಸನ್-ಹುಸೇನರು ‘ಅಸೇನ-ಹುಸೇನ’ರಾಗಿ ಮನೆಯ ಮಕ್ಕಳಾದದ್ದೂ ಹೀಗೆಯೇ. ನೀರಿಗಾಗಿ ಬಾಯಾರಿದವರ ಕತೆ ಬರದ ಸೀಮೆಯ ಜನಕ್ಕೆ ಪರರ ಕತೆಯಾಗಿ ಕೇಳುವುದಿಲ್ಲ.

ಹಾಗಾದರೆ ಆನಂದ ಎಲ್ಲಿಂದ ಬರುತ್ತದೆ? ನನ್ನ ಪ್ರಕಾರ ಅದು ಹಾಡಿನ ವಸ್ತುವಿನಿಂದ ಬರುವುದಿಲ್ಲ, ಉಸಿರಿನಿಂದ ಬರುತ್ತದೆ. ಹತ್ತು ಜನ ಒಂದೇ ಸೊಲ್ಲನ್ನು ಎತ್ತಿಕೊಳ್ಳುವಾಗ ಹತ್ತೂ ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತಾರೆ, ಒಟ್ಟಿಗೆ ಬಿಡುತ್ತಾರೆ. ತನ್ನ ದನಿ ಎಲ್ಲಿ ಮುಗಿಯಿತು, ಪಕ್ಕದವನದು ಎಲ್ಲಿ ಶುರುವಾಯಿತು ಎಂದು ಆಗ ತಿಳಿಯುವುದಿಲ್ಲ. ಒಬ್ಬನೇ ಹೊರಲಾರದ ದುಃಖವನ್ನು ಹತ್ತು ಜನ ಹೊತ್ತಾಗ ಆಗುವ ಹಗುರವನ್ನು ಸಾವಿನ ಮನೆಯಲ್ಲಿ ಕೂತೆದ್ದ ಯಾರೇ ಆದರೂ ಬಲ್ಲರು. ಅದನ್ನು ಸಂತೋಷ ಎನ್ನಲು ಸಂಕೋಚವಾದರೆ ಬೇರೆ ಹೆಸರು ಹುಡುಕಬಹುದು. ಆದರೆ ಅದು ಇಲ್ಲವೆನ್ನಲಾಗದು.

ಇನ್ನೊಂದು ಸಂಗತಿಯಿದೆ. ಚಾಂದ್ರಮಾನದ ಹಿಜರಿ ವರ್ಷ ಸುಮಾರು 354 ದಿನಗಳದ್ದು. ಹೀಗಾಗಿ ಮೊಹರಂ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತ ಮೂವತ್ತಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2012ರಲ್ಲಿ ಅದು ನವೆಂಬರ್ ಕೊನೆಗೆ, ಚಳಿಯ ಹೊತ್ತಿಗೆ ಬಂದಿತ್ತು. 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂತು, ಹೊಲದಲ್ಲಿ ಬಿತ್ತನೆಯ ಚಿಂತೆ ಇರುವ ಕಾಲ. ಚಳಿಗಾಲದಲ್ಲಿ ಬಂದರೆ ಅಲಾಯಿ ಕುಣಿಯ ಬೆಂಕಿಯ ಸುತ್ತ ಜನ ಒತ್ತಾಗಿ ಸೇರುತ್ತಾರೆ. ಮಳೆಗಾಲದಲ್ಲಿ ಬಂದರೆ ಹೊಲದಿಂದ ದಣಿದು ಬಂದ ನಾಲ್ಕೈದು ಜನವಷ್ಟೇ ಇದ್ದರೂ ಇರಬಹುದು. ಆಗಲೂ ಪದ ನಿಲ್ಲುವುದಿಲ್ಲ. ನಾಲ್ಕು ಜನ ಇದ್ದಾಗ ಪ್ರತಿಯೊಬ್ಬನೂ ಬೇಕಾದವನಾಗುತ್ತಾನೆ. ಚಿಕ್ಕ ಕೂಟದ ಸುಖ ಇದು. ಅಲ್ಲಿ ಕೇಳುಗನಾಗಿ ತಪ್ಪಿಸಿಕೊಂಡು ಕೂರಲು ಜಾಗವಿರುವುದಿಲ್ಲ.

*

ಕುಣಿಯ ಸುತ್ತ ಹಾಡುವವರು ಬಹುತೇಕ ಗಂಡಸರು. ಹೆಂಗಸರು ಜಗಲಿಯ ಮೇಲೆ ನಿಂತು ನೋಡುತ್ತಾರೆ, ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ. ಹಲಗೆ ಬಾರಿಸುವ ಕೈಗೆ ಎಲ್ಲ ಊರುಗಳಲ್ಲೂ ಸೊಲ್ಲೆತ್ತುವ ಹಕ್ಕಿಲ್ಲ. ಕೂಡಿ ಹಾಡುವುದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು. ಎಲ್ಲರೂ ಎತ್ತಿಕೊಳ್ಳಬಹುದಾದ ಸೊಲ್ಲನ್ನು ಎಲ್ಲರಿಗೂ ಕೊಡದಿರುವುದು ಹಾಡಿನ ದೋಷವಲ್ಲ, ಊರಿನ ದೋಷ.

ಹೆಂಗಸರು ತಮ್ಮ ಹಾಡಿನ ಜಾಗವನ್ನು ಬೇರೆ ಕಡೆ ಮಾಡಿಕೊಂಡರು. ಬಿಜಾಪುರದ ಸೂಫಿಗಳು ದಖನಿಯಲ್ಲಿ ಚಕ್ಕೀನಾಮಾ, ಚರ್ಖಾನಾಮಾಗಳನ್ನು ಬರೆದರು. ಬೀಸುವ ಕಲ್ಲು, ನೂಲುವ ರಾಟೆಯ ಮುಂದೆ ಕೂತವರಿಗಾಗಿ ಮಾಡಿದ ಹಾಡುಗಳು ಅವು. ದಖ್ಖನ್ನಿನ ಹಳ್ಳಿಗಳಲ್ಲಿ ಇಸ್ಲಾಮಿನ ಮಾತುಗಳು ಹರಡಿದ್ದರಲ್ಲಿ ಪಂಡಿತರ ಗ್ರಂಥಗಳಿಗಿಂತ ಈ ಹಾಡುಗಳ ಪಾಲು ಹೆಚ್ಚು ಎಂದು ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ ವಾದಿಸಿದ್ದಾರೆ. ಅದೇ ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಕನ್ನಡ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಒಂದೇ ನೆಲ, ಒಂದೇ ಕಲ್ಲು, ಎರಡು ಭಾಷೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ವಿಮರ್ಶೆಯಲ್ಲಿ ಇನ್ನೂ ನಡೆಯಬೇಕಾಗಿದೆ.

ನಮ್ಮ ಮನೆಗಳ ಮದುವೆಗಳಲ್ಲಿ ಅರಿಸಿನದ ರಾತ್ರಿ, ಮೆಹಂದಿಯ ರಾತ್ರಿ ಢೋಲಕಿನ ಹಾಡುಗಳಿರುತ್ತಿದ್ದವು. ಅವನ್ನು ಯಾರೂ ಅಭ್ಯಾಸ ಮಾಡಿ ಬರುತ್ತಿರಲಿಲ್ಲ. ಢೋಲಕ್ ಸಿಗದಿದ್ದರೆ ಕೊಡವನ್ನೋ ಹಿತ್ತಾಳೆಯ ಪರಾತವನ್ನೋ ಮಗುಚಿ ಬಾರಿಸುತ್ತಿದ್ದರು. ಬೀಗಿತ್ತಿಯನ್ನು ಹಂಗಿಸುವ ಹಾಡಿನಲ್ಲಿ ಆ ಹೊತ್ತಿಗೆ ಎದುರಿಗಿದ್ದ ಬೀಗಿತ್ತಿಯ ಹೆಸರೇ ಸೇರಿಕೊಳ್ಳುತ್ತಿತ್ತು. ಅವಳ ಮೂಗುತಿ, ಅವಳ ಜಿಪುಣತನ, ಅವಳ ಗಂಡನ ಬೊಜ್ಜು ಎಲ್ಲವೂ ಪ್ರಾಸಕ್ಕೆ ಬೀಳುತ್ತಿದ್ದವು. ವರ್ಷವಿಡೀ ದನಿಯೆತ್ತಿ ಮಾತನಾಡದ ಫುಫ್ಫಿ, ಖಾಲಾಗಳು ಅಂದು ಎಲ್ಲರಿಗಿಂತ ಮುಂದಿರುತ್ತಿದ್ದರು. ಸೋಬಾನೆ ಹೇಳಲು ಬಂದ ನೆರೆಯ ಗೌಡರ ಮನೆಯ ಅಮ್ಮ ಢೋಲಕಿನ ಹಾಡಿಗೂ ದನಿಗೂಡಿಸುತ್ತಿದ್ದಳು. ಉರ್ದುವಿನ ಅರ್ಥ ಅವಳಿಗೆ ಆಗುತ್ತಿರಲಿಲ್ಲ, ಸೊಲ್ಲು ಆಗುತ್ತಿತ್ತು. ಅರ್ಥವಾಗದ ಭಾಷೆಯ ಹಾಡಿಗೂ ದನಿಗೂಡಿಸಬಹುದು ಎಂಬುದನ್ನು ಕವಿತೆಯ ವಿಮರ್ಶಕರು ಒಪ್ಪಲಾರರು. ಆದರೆ ಅವಳು ಹಾಡಿದಳು, ಮತ್ತು ಅವಳಿಲ್ಲದೆ ಆ ರಾತ್ರಿಯ ದನಿ ಅಷ್ಟು ತುಂಬುತ್ತಿರಲಿಲ್ಲ.

*

ಇಂಥ ಹಾಡು ಪುಸ್ತಕಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ನೋಡಿ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲು ಮರುಕಳಿಸುತ್ತದೆ, ಅಚ್ಚಿನಲ್ಲಿ ಅದು ಮೂರೇ ಸಾಲು. ತತ್ವಪದಗಳ ಸಂಗ್ರಹಗಳಲ್ಲಿ ಸೊಲ್ಲಿನ ಗತಿ ಇನ್ನೂ ಚಿಕ್ಕದು. ಮೊದಲ ಸಲ ಅಚ್ಚಾದ ಮೇಲೆ ಅದರ ಜಾಗದಲ್ಲಿ ಉಳಿಯುವುದು ಎರಡೆರಡು ಗೆರೆಗಳ ನಡುವಿನ ‘ಪ’ ಎಂಬ ಒಂದಕ್ಷರ. ಕಾಗದ ಉಳಿಸಲು ಮುದ್ರಕರು ಕಂಡುಕೊಂಡ ದಾರಿ ಅದು, ತಪ್ಪೇನಲ್ಲ. ಆದರೆ ಹಾಡುವ ಕೂಟದಲ್ಲಿ ಹೆಚ್ಚು ಬಾಯಿಗಳು, ಹೆಚ್ಚು ಹೊತ್ತು ಹೇಳುವುದು ಆ ಸಾಲನ್ನೇ. ಇಡೀ ಊರಿನ ದನಿ ಒಂದು ‘ಪ’ದೊಳಗೆ ಮುದುಡಿ ಕೂತಿರುತ್ತದೆ. ಓದುಗನ ಕಣ್ಣು ಅದನ್ನು ಹಾರಿ ಮುಂದಿನ ನುಡಿಗೆ ಹೋಗುತ್ತದೆ.

ಶಿಶುನಾಳ ಶರೀಫರ (1819–1889) ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಶರೀಫರು ಕವಿಯಾಗಿ ಬೆಳೆದದ್ದು ಮೊಹರಂ ಪದಗಳನ್ನು ಕಟ್ಟಿ ಹೇಳುವ ಕೂಟಗಳಲ್ಲಿ. ಅವರ ಪದಗಳು ಉತ್ತರ ಕರ್ನಾಟಕದ ಭಜನೆಯ ಮನೆಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆ ಬಾಯಿಂದ ಬಾಯಿಗೆ ಉಳಿದು ಬಂದವು. ಆಮೇಲೆ ಸಿ. ಅಶ್ವಥ್ ಅವರ ದನಿಯಲ್ಲಿ ಕ್ಯಾಸೆಟ್ಟಿಗೆ ಬಂದವು. ಟಿ.ಎಸ್. ನಾಗಾಭರಣ ಅವರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಸಿಕ್ಕಿತು. ಶರೀಫರನ್ನು ಮೈಸೂರು ಕಡೆಯ ಮನೆಮನೆಗೂ ತಲುಪಿಸಿದ ಈ ಕೆಲಸ ಸಣ್ಣದಲ್ಲ. ಅಶ್ವಥ್ ಸ್ವತಃ ಹಾಡು ಎಲ್ಲರ ಬಾಯಿಗೆ ಬರಬೇಕೆಂದು ಹಂಬಲಿಸಿದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಭಾರಿ ಜನಸ್ತೋಮದ ಎದುರು ಹಾಡಿಸಿದವರು. ಆದರೂ ಒಂದು ಬದಲಾವಣೆ ಆಗಿಹೋಗಿತ್ತು. ಭಜನೆಯ ಮನೆಯಲ್ಲಿ ಶರೀಫರ ಪದ ‘ನಮ್ಮದು’ ಆಗಿತ್ತು. ಕ್ಯಾಸೆಟ್ಟಿನಲ್ಲಿ ಅದು ‘ಅಶ್ವಥ್ ಹಾಡಿದ್ದು’ ಆಯಿತು. ಅದನ್ನು ಹಾಗೆಯೇ ಹಾಡಲು ಬಾರದವನು ಕೇಳುವವನಾದ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲಿದೆ. 1970ರ ದಶಕದ ಕೊನೆಯಿಂದ ದಲಿತ, ರೈತ, ಬಂಡಾಯ ಚಳವಳಿಗಳು ಹಾಡನ್ನು ವೇದಿಕೆಯಿಂದ ಬೀದಿಗಿಳಿಸಿದವು. ಸಿದ್ಧಲಿಂಗಯ್ಯನವರ ಪದ್ಯಗಳನ್ನು ಪುಸ್ತಕ ಕಾಣದವರೂ ಹಾಡಿದರು. ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ಸೊಲ್ಲು ಎತ್ತಿಕೊಳ್ಳುವವರಿಗಾಗಿ ಬರೆದ ಪದ್ಯಗಳು ಹೆಚ್ಚಿಲ್ಲ. ಆ ಪದ್ಯಗಳನ್ನು ‘ಘೋಷಣೆಯ ಕಾವ್ಯ’ ಎಂದು ಪಕ್ಕಕ್ಕಿಟ್ಟ ವಿಮರ್ಶಕರು ಅವನ್ನು ಒಬ್ಬರೇ ಕೂತು, ಮನಸ್ಸಿನಲ್ಲೇ ಓದಿಕೊಂಡವರು ಎಂಬುದು ನನ್ನ ಅನುಮಾನ.

*

ಈಗ ಕುಣಿಯ ಸುತ್ತಲ ಕೂಟ ಮೂರು ಕಡೆಯಿಂದ ಸಣ್ಣದಾಗುತ್ತಿದೆ.

ಮೊದಲನೆಯದು ನಮ್ಮೊಳಗಿನದು. ಪಂಜಾಗಳಿಗೆ ಕೈಮುಗಿಯುವುದು ತೌಹೀದಿಗೆ ಒಪ್ಪದು, ಶೋಕದ ದಿನವನ್ನು ಹುಲಿವೇಷದ ತಮಾಷೆ ಮಾಡಬಾರದು ಎಂದು ಹೇಳುವವರ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು. ಅದು ನಂಬಿಕೆಯ ಪ್ರಶ್ನೆ, ಅದನ್ನು ಅವರವರು ತೀರ್ಮಾನಿಸಿಕೊಳ್ಳಲಿ. ಆದರೆ ಪಂಜಾದ ಜೊತೆಗೆ ಪದವನ್ನೂ, ಅದರ ಬೆನ್ನಿಗೆ ಮದುವೆಯ ಮನೆಯ ಢೋಲಕನ್ನೂ ಹೊರಗೆ ಹಾಕುವುದು ಏತಕ್ಕೆ? ಈದಿನ ದಿನ ಆಯಿಷಾ (ರ) ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದನ್ನು ಅಬೂಬಕರ್ (ರ) ಆಕ್ಷೇಪಿಸಿದಾಗ, ಪ್ರವಾದಿಯವರು (ಸ) ಅವರನ್ನು ಅವರ ಪಾಡಿಗೆ ಬಿಡಲು ಹೇಳಿದ ಹದೀಸು ಬುಖಾರಿ ಸಂಗ್ರಹದಲ್ಲೇ ಇದೆ. ಇಮಾಮ್ ಗಜಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಸಮಾ ಕುರಿತು ಒಂದು ಇಡೀ ಭಾಗವನ್ನೇ ಬರೆದರು. ಅಂದರೆ ಈ ಚರ್ಚೆ ಹಳೆಯದು. ಎರಡೂ ಪಕ್ಷದಲ್ಲಿ ವಿದ್ವಾಂಸರಿದ್ದಾರೆ. ಮುಗಿದುಹೋದ ಚರ್ಚೆಯಂತೆ ಅದನ್ನು ಹಳ್ಳಿಯ ಹೆಂಗಸರ ಮುಂದೆ ಇಡುವುದು ಸರಿಯಲ್ಲ.

ಎರಡನೆಯದು ಹೊರಗಿನದು. ಪೀರಲ ದೇವರ ಮುಂದೆ ತಲೆಮಾರುಗಳಿಂದ ಪದ ಹೇಳುತ್ತಿದ್ದವರ ಮಕ್ಕಳಿಗೆ ‘ಅದು ನಮ್ಮ ದೇವರಲ್ಲ’ ಎಂದು ಹೇಳಿಕೊಡುವವರು ಹುಟ್ಟಿಕೊಂಡಿದ್ದಾರೆ. ಕಡೆಗೆ ಎರಡೂ ಕಡೆಯವರು ಹೇಳುವುದು ಒಂದೇ ಮಾತು: ಈ ಹಾಡಿಗೆ ಒಬ್ಬ ಒಡೆಯನಿರಬೇಕು. ಆ ಒಡೆಯ ಯಾರೆಂಬುದರಲ್ಲಿ ಮಾತ್ರ ಅವರಿಗೆ ಜಗಳ.

ಮೂರನೆಯದು ಧ್ವನಿವರ್ಧಕ. ಮೈಕು ಬಂದಾಗ ಅದರ ಎದುರು ಒಂದೇ ಬಾಯಿಗೆ ಜಾಗವಿತ್ತು. ಡಿಜೆ ಬಂದಾಗ ಆ ಒಂದು ಬಾಯಿಯೂ ಬೇಡವಾಯಿತು. ಈಗ ಮೊಹರಂ ಪದಗಳ ವಿಡಿಯೊಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ದುಡಿಯಲು ಬೆಂಗಳೂರಿಗೆ ಹೋದ ಹುಡುಗ ಕಟ್ಟಡದ ಶೆಡ್ಡಿನಲ್ಲಿ ಅವನ್ನು ಕೇಳಿ ಊರನ್ನು ನೆನೆಯಬಹುದು. ಆ ಮಟ್ಟಿಗೆ ಅದು ಉಪಕಾರವೇ. ಆದರೆ ಅವನು ಸೊಲ್ಲು ಎತ್ತಿಕೊಳ್ಳದಿದ್ದರೂ ವಿಡಿಯೊ ಮುಂದೆ ಹೋಗುತ್ತದೆ. ಅದಕ್ಕೆ ಅವನ ದನಿ ಬೇಕಿಲ್ಲ.

ಹಾಗೆಂದು ಕೂಡಿ ಹಾಡುವುದು ನಿಂತುಹೋಯಿತೆಂದು ಗೋಳಾಡಬೇಕಿಲ್ಲ. ಮಿಲಾದಿನ ಕೂಟದಲ್ಲಿ ಎಲ್ಲರೂ ಎದ್ದು ನಿಂತು ಸಲಾಂ ಹೇಳುವಾಗ, ಭಜನೆಯ ಮನೆಯಲ್ಲಿ ಮಂಗಳ ಹೇಳುವಾಗ, ಹೊಲದಲ್ಲಿ ಕಳೆ ತೆಗೆಯುವವರು ಬೇಸರ ಕಳೆಯಲು ಸೊಲ್ಲೆತ್ತುವಾಗ ಅದು ಇನ್ನೂ ಜೀವ ಹಿಡಿದಿದೆ. ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಕೃತಿಗಳಿಗಾಗಿ ಊರೂರು ತಿರುಗಿ ಈ ಜನರನ್ನು ಹಾಡುವ ಜಾಗದಲ್ಲೇ ಕಂಡವರು. ಅವರು ತೋರಿಸಿದ ದಾರಿಯಲ್ಲಿ ವಿಮರ್ಶೆ ಇನ್ನೊಂದು ಹೆಜ್ಜೆ ಇಡಬೇಕು. ಹಾಡನ್ನು ಬರೆದುಕೊಂಡು ಬರುವಾಗ ಮುಂದಾಳು ಹೇಳಿದ್ದನ್ನಷ್ಟೇ ಬರೆದುಕೊಂಡರೆ ಸಾಲದು. ಎತ್ತಿಕೊಂಡವರು ಯಾರು ಯಾರು, ಎತ್ತಿಕೊಳ್ಳಲು ಯಾರನ್ನು ಬಿಡಲಿಲ್ಲ, ಸೊಲ್ಲು ಎಷ್ಟು ಸಲ ಬಂತು, ಯಾವ ನುಡಿಯಾದ ಮೇಲೆ ದನಿ ಏರಿತು ಎಂಬುದನ್ನೂ ಬರೆದುಕೊಳ್ಳಬೇಕು.

ಭಾವೈಕ್ಯ ಎಂಬ ಶಬ್ದವನ್ನು ನಾವು ಇಷ್ಟು ಬಳಸಿದ್ದೇವೆ, ಅದೀಗ ಸರಕಾರಿ ಗೋಡೆಬರಹದಂತೆ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಕುಣಿಯ ಸುತ್ತ ಸೇರಿದವರು ಇಬ್ಬರು ಹಿಂದೂ, ಇಬ್ಬರು ಮುಸ್ಲಿಂ ಎಂದು ಲೆಕ್ಕ ಹಾಕಿಕೊಂಡು ಹಾಡುವುದಿಲ್ಲ. ಹಾಗೆ ಲೆಕ್ಕ ಶುರುವಾದ ರಾತ್ರಿ ಅವರು ಹಾಡಲಾರರು. ಅವರಿಗೆ ಆ ಹೊತ್ತಿನಲ್ಲಿ ಗೊತ್ತಿರುವುದು ಇಷ್ಟೇ: ಮುಂದಾಳು ಉಸಿರಿಗಾಗಿ ನಿಂತಿದ್ದಾನೆ, ಈಗ ನಾವು ಎತ್ತಿಕೊಳ್ಳಬೇಕು.